ಶಿಶುಶಿಕ್ಷಕಿಯರ ಹೊಣೆ ಯಾರದು?

 

ಈ ಮಹೋತ್ಸವದಲ್ಲಿ ಶಿಶುಶಿಕ್ಷಣವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆಮಾಡಬೇಕೆಂದು ನನಗೆ ಅಪ್ಪಣೆಯಾಗಿದೆ.

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಒಳಬೀದಿಗಳಲ್ಲಿರುವ ಅಂಗನವಾಡಿಗಳನ್ನು ತಾವೆಲ್ಲರೂ ಬಲ್ಲಿರಿ. ಮನೆಗೆಲಸಕ್ಕೂ ಕಟ್ಟಡದ ಕೂಲಿಗೂ ಹೋಗುವ ತಾಯಂದಿರು ಮಕ್ಕಳನ್ನು ಒಪ್ಪಿಸಿಹೋಗುವುದು ಅಲ್ಲಿಯೇ. ಆ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಡುವ ಶಿಕ್ಷಕಿಯು ಯಾರ ನೌಕರಳು?

1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರವು 33 ಕಡೆಗಳಲ್ಲಿ ಈ ಯೋಜನೆಯನ್ನು ಆರಂಭಿಸಿತು. ನಮ್ಮ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದು. ಅಂದಿನಿಂದ ಆಕೆಗೆ ಸಲ್ಲುತ್ತಿರುವುದು ವೇತನವಲ್ಲ, ಗೌರವಧನ. ಆಕೆಯದು ಸರಕಾರಿ ಹುದ್ದೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ, ನಮ್ಮ ರಾಜ್ಯದ ವ್ಯಾಜ್ಯವೊಂದರಲ್ಲಿಯೇ, ತೀರ್ಪಿತ್ತಿತು. 2022ರಲ್ಲಿ ಅದೇ ನ್ಯಾಯಾಲಯವು ಆಕೆಗೆ ಉಪದಾನದ ಹಕ್ಕುಂಟೆಂದು ಹೇಳಿತು. ಹಕ್ಕು ದೊರೆಯಿತು, ಒಡೆತನದ ಹೊಣೆ ಮಾತ್ರ ಇನ್ನೂ ನಿಶ್ಚಯವಾಗಲಿಲ್ಲ.

ಈ ಹೊಣೆಯು ಕೇಂದ್ರದ್ದಾಗಲಿ ಎಂಬುವರುಂಟು. ಆದರೆ ಬಹುಪಾಲು ವೆಚ್ಚವನ್ನು ಹೊತ್ತಿದ್ದ ಕೇಂದ್ರವು 2009ರ ತರುವಾಯ ನೂರಕ್ಕೆ 90ನ್ನೂ, 2015ರ ತರುವಾಯ 60ನ್ನೂ ಮಾತ್ರ ಕೊಡುವಂತಾಯಿತು. ಇಷ್ಟು ಬೇಗನೆ ಕೈ ಹಿಂದೆಗೆಯುವವರನ್ನು ನಂಬಿ ಜೀವಮಾನದ ಸೇವೆಯನ್ನು ಒಪ್ಪಿಸುವುದೆಂತು?

ಹತ್ತಿರದ ನಗರಪಾಲಿಕೆಯೇ ನೇಮಿಸಲಿ ಎಂಬುದು ಇನ್ನೊಂದು ವಾದ. ಮಗುವಿನ ಮನೆಯನ್ನು ಹತ್ತಿರದವರೇ ಬಲ್ಲರೆಂಬುದು ನಿಜ. ಆದರೆ 2006ರಲ್ಲಿ ಜಯನಗರದಲ್ಲಿ ಪಾಲಿಕೆಯ ಸೇವೆಗೆ ಸೇರಿದವಳೊಬ್ಬಳನ್ನು ಭಾವಿಸಿರಿ. 2007ರಲ್ಲಿ ಆ ಪಾಲಿಕೆಯು ಬೃಹತ್ ಪಾಲಿಕೆಯಾಯಿತು. 2025ರ ಸೆಪ್ಟೆಂಬರಿನಲ್ಲಿ ಅದೂ ಅಳಿದು ಐದು ಪಾಲಿಕೆಗಳಾದುವು. ನಡುವೆ, 2020ರಿಂದ ವರ್ಷಗಟ್ಟಲೆ, ಚುನಾಯಿತ ಸಭೆಯೇ ಇರಲಿಲ್ಲ. ವೃದ್ಧಾಪ್ಯದಲ್ಲಿ ಆಕೆಯು ಯಾರ ಬಾಗಿಲಿಗೆ ಹೋಗಬೇಕು?

ಆದುದರಿಂದ ನೇಮಕದ ಹೊಣೆಯು ರಾಜ್ಯದ್ದೇ ಆಗಬೇಕೆಂಬುದು ನನ್ನ ಅಭಿಪ್ರಾಯ. ಆರು ವರ್ಷದ ಮಗುವಿಗೆ ಸರಕಾರಿ ಶಾಲೆಯಲ್ಲಿ ಪಾಠ ಹೇಳುವ ಉಪಾಧ್ಯಾಯರು ರಾಜ್ಯದ ನೌಕರರು. ಐದು ವರ್ಷದ ಅದೇ ಮಗುವಿಗೆ ಕಲಿಸುವವಳು ಗೌರವಸೇವಕಿ! ಒಂದು ವರ್ಷದ ಅಂತರದಲ್ಲಿ ವಿದ್ಯೆಯ ಬೆಲೆ ಇಷ್ಟು ಬದಲಾಗುವುದು ಯಾವ ನ್ಯಾಯ? ಸಂವಿಧಾನದ 45ನೆಯ ವಿಧಿಯು, 2002ರ ತಿದ್ದುಪಡಿಯ ಮೇರೆಗೆ, ಆರು ವರ್ಷ ತುಂಬುವವರೆಗಿನ ಶಿಶುಗಳ ಪಾಲನೆ ಶಿಕ್ಷಣಗಳನ್ನೇ ಹೇಳುತ್ತದೆಯಷ್ಟೆ.

ಸರಕಾರಿ ನೌಕರಿಯಾದರೆ ವರ್ಗಾವಣೆಯಿಂದ ನೆರೆಹೊರೆಯ ನಂಟು ಕಡಿದೀತೆಂಬ ಆಕ್ಷೇಪಣೆಯು ಯುಕ್ತವಾದುದು. ಆದಕಾರಣ ಆ ಕೇರಿಯವಳನ್ನೇ ಆರಿಸಿ, ಅಲ್ಲಿಯೇ ನಿಲ್ಲಿಸುವ ನಿಯಮವಿರಲಿ. ಕೇಂದ್ರವು ಕುಂದದ ಪಾಲನ್ನು ಕೊಡಲಿ; ಪಾಲಿಕೆಯು ಕಟ್ಟಡವನ್ನೂ ನೀರನ್ನೂ ಒದಗಿಸಲಿ; ತಾಯಂದಿರು ಮೇಲ್ವಿಚಾರಣೆ ಮಾಡಲಿ. ಬೊಕ್ಕಸಕ್ಕೆ ಭಾರವಾಗುವುದು ದಿಟ; ಆ ಭಾರವನ್ನು ಈವರೆಗೆ ಬಡ ಹೆಂಗಸರು ಹೊತ್ತಿರುವರೆಂಬುದನ್ನು ಮರೆಯಬಾರದು.

ಕಾಯಕವನ್ನು ಕೊಂಡಾಡುವ ಪೀಠದ ಶಿಷ್ಯರು ನಾವು. ದುಡಿಮೆಯನ್ನು ಹೊಗಳಿ, ಕೂಲಿಯನ್ನು ಕುಂದಿಸುವುದು ಕಾಯಕಕ್ಕೆ ಸಲ್ಲುವ ಮರ್ಯಾದೆಯಲ್ಲ. ತಮ್ಮ ಬೀದಿಯ ಅಂಗನವಾಡಿಗೆ ಒಮ್ಮೆ ಹೋಗಿಬನ್ನಿರಿ. ತಮ್ಮ ಶಾಸಕರಲ್ಲಿ ಈ ಮಾತನ್ನು ಕೇಳಿರಿ.