ರೈಲು ಇಳಿದ ಮೇಲೆ, ದೋಣಿ ಹತ್ತುವ ಮೊದಲು



ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಿ ಹುಡುಕಿದರೂ ಒಂದು ರೈಲು ನಿಲ್ದಾಣ ಸಿಗುವುದಿಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಹಾದು ಚಾಮರಾಜನಗರ ಸೇರುವ 142 ಕಿಲೋಮೀಟರಿನ ಮಾರ್ಗಕ್ಕೆ 1996-97ರಲ್ಲೇ ಮಂಜೂರಾತಿ ಸಿಕ್ಕಿತ್ತು. ಅಂದು ಹುಟ್ಟಿದ ಮಕ್ಕಳಿಗೆ ಈಗ ಮದುವೆಯಾಗಿದೆ, ರೈಲಿನ ಸಿಳ್ಳೆ ಮಾತ್ರ ಕೇಳಿಸಿಲ್ಲ. ಹಾಗಾಗಿ ಇಲ್ಲಿಯವರು ಮೈಸೂರಿನಲ್ಲೋ ಚಾಮರಾಜನಗರದಲ್ಲೋ ರೈಲು ಇಳಿದು, ಚೀಲ ಹೊತ್ತು ಬಸ್‌ಸ್ಟ್ಯಾಂಡಿಗೆ ಓಡಬೇಕು. ರೈಲು ಒಂದು ಗಂಟೆ ತಡವಾಗಿ ಬಂದರೆ ಊರಿನ ಕೊನೆಯ ಬಸ್ಸು ಹೊರಟುಹೋಗಿರುತ್ತದೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರಿಗೆ ಇನ್ನೂ ಫಜೀತಿ. ಕತ್ತಲಾದ ಮೇಲೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಗಾಡಿ ಒಳಗೆ ಬಿಡುವುದಿಲ್ಲ, ಯಳಂದೂರಿನಲ್ಲೇ ರಾತ್ರಿ ಕಳೆಯಬೇಕು.

ಪ್ರಯಾಣ ಕೆಡುವ ಜಾಗ ಇದೇ, ಒಂದು ವಾಹನ ಬಿಟ್ಟು ಇನ್ನೊಂದನ್ನು ಹಿಡಿಯುವ ನಡುವಿನ ಹೊತ್ತು. ನಮ್ಮ ಕಡೆಯಿಂದ ಯುರೋಪಿಗೆ ಓದಲು ಹೋದ ಮಕ್ಕಳು ರಜೆಯಲ್ಲಿ ಬೆನ್ನಿಗೊಂದು ಚೀಲ ಏರಿಸಿಕೊಂಡು ರೈಲಿನಲ್ಲಿ, ಹಡಗಿನಲ್ಲಿ ದೇಶ ಸುತ್ತುವಾಗ ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ. ರೈಲು ಬಂದರಿಗೆ ಬರುವಷ್ಟರಲ್ಲಿ ಹಡಗು ದಡ ಬಿಟ್ಟಿರುತ್ತದೆ.

ನಮ್ಮಲ್ಲೂ ಅಂಥದೊಂದು ದಾರಿಯಿದೆ. ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟ, ಅಲ್ಲಿಂದ ಪಾಲಾರ್, ಗೋಪಿನಾಥಂ ಮೇಲೆ ಹೊಗೇನಕಲ್. ತೆಪ್ಪದಲ್ಲಿ ಕಾವೇರಿ ದಾಟಿದರೆ ಆಚೆ ದಡ ತಮಿಳುನಾಡು. ಪೆನ್ನಾಗರದ ಬಸ್ಸು ಹಿಡಿದರೆ ಧರ್ಮಪುರಿ, ಅಲ್ಲಿ ರೈಲು. ಭೂಪಟದಲ್ಲಿ ನೋಡಿದರೆ ಎಷ್ಟು ಸಲೀಸು! ನದಿ ಏರಿತೆಂದರೆ ತೆಪ್ಪಗಳನ್ನು ದಡಕ್ಕೆಳೆದು ಬೋರಲು ಹಾಕಿಬಿಡುತ್ತಾರೆ. ಎದುರಿನ ದಡದ ಅಂಗಡಿಗಳು ಕಣ್ಣಿಗೆ ಕಾಣುತ್ತಿರುತ್ತವೆ, ಅಲ್ಲಿಗೆ ಹೋಗಲು ಮಾತ್ರ ಪಾಲಾರಿಗೆ ವಾಪಸು ಬಂದು ಮೆಟ್ಟೂರಿನ ದಾರಿ ಹಿಡಿದು ಬಳಸಬೇಕು.

ಇಲ್ಲಿ ಹೊರಗಿನವರು ಮೋಸಹೋಗುವುದು ಆಕಾಶ ನೋಡಿ. ಹೊಗೇನಕಲ್ಲಿನಲ್ಲಿ ಸುಡು ಬಿಸಿಲಿರುತ್ತದೆ, ಮಳೆಯ ಸುಳಿವೇ ಇರುವುದಿಲ್ಲ, ತೆಪ್ಪ ಯಾಕೆ ನಿಲ್ಲಿಸಿದರು ಎಂದು ಜಗಳಕ್ಕೆ ನಿಲ್ಲುತ್ತಾರೆ. ಮಳೆ ಬಿದ್ದಿರುವುದು ಕೊಡಗಿನಲ್ಲಿ, ವಯನಾಡಿನಲ್ಲಿ. ವಯನಾಡಿನ ನೀರು ಕಬಿನಿ ಜಲಾಶಯ ತುಂಬಿಸುತ್ತದೆ, ಕೊಡಗಿನದು ಕೆಆರ್‌ಎಸ್ಸನ್ನು. ಎರಡು ಕಡೆಯ ಗೇಟೂ ತೆರೆದಾಗ ಆ ನೀರು ತಿರುಮಕೂಡಲಿನಲ್ಲಿ ಕೂಡಿ, ಕೊಳ್ಳೇಗಾಲದ ನದಿದಂಡೆಯ ಹಳ್ಳಿಗಳನ್ನು ಸವರಿ, ಶಿವನಸಮುದ್ರದಲ್ಲಿ ಧುಮುಕಿ, ಮೇಕೆದಾಟಿನ ಇಕ್ಕಟ್ಟಿನಲ್ಲಿ ನುಗ್ಗಿ, ಬಿಳಿಗುಂಡ್ಲುವಿನ ಮಾಪನ ಕೇಂದ್ರ ದಾಟಿ ಹೊಗೇನಕಲ್ ಸೇರುತ್ತದೆ. ಹೊರಟ ನೀರು ಬಂದು ಮುಟ್ಟುವಷ್ಟರಲ್ಲಿ ಮೇಲೆ ಮಳೆ ನಿಂತಿದ್ದರೂ ಆಶ್ಚರ್ಯವಿಲ್ಲ. ಈ ನೀರಿನ ರಭಸವನ್ನು ಕೊಳ್ಳೇಗಾಲದವರಿಗೆ ಹೊಸದಾಗಿ ಹೇಳಬೇಕಿಲ್ಲ. ಶಿವನಸಮುದ್ರದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಕಲ್ಲಿನ ಸೇತುವೆಯ ಗತಿಯೇ ಹೀಗಾದರೆ ಬಿದಿರಿನ ತೆಪ್ಪದ ಮಾತೇನು?

ತೆಪ್ಪಕ್ಕೆ ಮುಂದಿಲ್ಲ, ಹಿಂದಿಲ್ಲ. ಹೆಣೆದ ಬಿದಿರಿನ ತಳಕ್ಕೆ ನೀರು ಒಸರದ ಹಾಗೆ ಹೊದಿಕೆ ಹಾಕಿ ಡಾಂಬರು ಬಳಿದಿರುತ್ತಾರೆ. ನೀರನ್ನು ಸೀಳುವ ಏಣು ಇಲ್ಲದ್ದರಿಂದ ಸುಳಿ ಸಿಕ್ಕಿದರೆ ಬುಗುರಿಯಂತೆ ತಿರುಗುತ್ತದೆ. ಅಂಬಿಗ ಒಂದೇ ಹುಟ್ಟಿನಿಂದ ಅದನ್ನು ಹದ್ದುಬಸ್ತಿನಲ್ಲಿಡಬೇಕು. ಹತ್ತಿದವರನ್ನು ಅವನು ತೂಕ ನೋಡಿ ಎದುರುಬದುರು ಕೂರಿಸುತ್ತಾನೆ. ಫೋಟೊ ತೆಗೆಯಲು ನಾಲ್ಕು ಜನ ಒಂದೇ ಪಕ್ಕಕ್ಕೆ ಎದ್ದರೆ ಸಾಕು, ಅಂಚು ನೀರಿಗೆ ತಾಗುತ್ತದೆ. ಕೂರು ಎಂದಲ್ಲಿ ಕೂರಬೇಕು, ಕೊಟ್ಟ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯಬೇಕು. ಅಲ್ಲಿ ಅವನ ಮಾತೇ ಕಾನೂನು.

ಅಂದಹಾಗೆ, ರೈಲು, ಹಡಗು ತಡವಾದರೆ ಏನೆಂಬುದಕ್ಕೆ ಯುರೋಪಿನಲ್ಲಿ ನಿಜವಾದ ಕಾನೂನೇ ಇದೆ. ಐರೋಪ್ಯ ಒಕ್ಕೂಟದ ನಿಯಮದಂತೆ ರೈಲು ಒಂದು ಗಂಟೆ ತಡವಾಗಿ ತಲುಪಿದರೆ ಟಿಕೆಟ್ ದರದ ಕಾಲು ಭಾಗ, ಎರಡು ಗಂಟೆ ದಾಟಿದರೆ ಅರ್ಧ ಭಾಗ ಪರಿಹಾರ ಕೇಳಬಹುದು. ಹಡಗು ರದ್ದಾದರೆ, ಇಲ್ಲವೇ ಒಂದೂವರೆ ಗಂಟೆಗಿಂತ ತಡವಾಗಿ ಹೊರಟರೆ, ಹಣ ವಾಪಸು ಪಡೆಯಬೇಕೋ ಬೇರೆ ದಾರಿಯಲ್ಲಿ ಹೋಗಬೇಕೋ ಎಂಬ ಆಯ್ಕೆ ಪ್ರಯಾಣಿಕರದು. ರಾತ್ರಿ ದಡದಲ್ಲೇ ಉಳಿಯಬೇಕಾಗಿ ಬಂದರೆ ರಾತ್ರಿಗೆ 80 ಯೂರೋವರೆಗೆ, ಮೂರು ರಾತ್ರಿಗಳ ತನಕ ವಸತಿ ವೆಚ್ಚವೂ ಉಂಟು. ಆದರೆ ಬಿರುಗಾಳಿಯಿಂದ ಹಡಗು ನಿಂತದ್ದಾದರೆ ಆ ವಸತಿ ವೆಚ್ಚ ಸಿಗುವುದಿಲ್ಲ. ಇನ್ನೊಂದು ಮುಖ್ಯ ಸಂಗತಿ ಕೇಳಿ: ರೈಲಿನದು ಒಂದು ಟಿಕೆಟ್, ಹಡಗಿನದು ಇನ್ನೊಂದು ಎಂದು ಬೇರೆಬೇರೆ ಕೊಂಡಿದ್ದರೆ, ರೈಲು ತಡವಾಗಿ ಹಡಗು ತಪ್ಪಿದ್ದಕ್ಕೆ ಹಡಗಿನವರನ್ನು ದೂರಿ ಫಲವಿಲ್ಲ. ಹಡಗು ಸಮಯಕ್ಕೆ ಸರಿಯಾಗಿಯೇ ಹೊರಟಿತ್ತಲ್ಲ! ಅಷ್ಟೆಲ್ಲ ಹಕ್ಕು ಬರೆದುಕೊಟ್ಟವರೂ ಈ ನಡುವಿನ ಸಂದನ್ನು ಪ್ರಯಾಣಿಕರ ತಲೆಗೇ ಕಟ್ಟಿದ್ದಾರೆ.

ನಮ್ಮ ರೈಲ್ವೆ ಇದಕ್ಕೆ ಸ್ವಲ್ಪ ಮದ್ದು ಮಾಡಿದೆ. ಒಂದು ರೈಲಿನಿಂದ ಇನ್ನೊಂದಕ್ಕೆ ಹತ್ತುವವರು ಎರಡೂ ಟಿಕೆಟ್ಟಿನ ಪಿಎನ್‌ಆರ್ ಜೋಡಿಸಿಕೊಂಡಿದ್ದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ಪ್ರಯಾಣಿಸದ ಭಾಗದ ಹಣ ಕಡಿತವಿಲ್ಲದೆ ಮರಳುತ್ತದೆ. 2019ರ ಏಪ್ರಿಲ್‌ನಿಂದ ಈ ಸೌಲಭ್ಯವಿದೆ, ಬಳಸುವವರು ಕಡಿಮೆ. ರೈಲು ಇಳಿದು ಬಸ್ಸು ಹತ್ತುವವರಿಗೆ, ತೆಪ್ಪ ಹತ್ತುವವರಿಗೆ ಅದರಿಂದ ಉಪಯೋಗವಿಲ್ಲ. ಅವರು ನಡುವೆ ಧಾರಾಳವಾಗಿ ಸಮಯ ಇಟ್ಟುಕೊಳ್ಳಬೇಕು. ಕೊನೆಯ ಬಸ್ಸನ್ನು ನೆಚ್ಚದೆ ಅದರ ಹಿಂದಿನ ಬಸ್ಸಿಗೇ ಲೆಕ್ಕ ಹಾಕಬೇಕು. ಪಾಸ್‌ಪೋರ್ಟೋ ಆಧಾರ್ ಕಾರ್ಡೋ, ಒಂದಿಷ್ಟು ನಗದು ದುಡ್ಡು ಇವನ್ನು ದೊಡ್ಡ ಚೀಲದಲ್ಲಿ ತುಂಬದೆ ಮೈಮೇಲೆ ಇಟ್ಟುಕೊಳ್ಳಬೇಕು.

ಮಳೆಗಾಲದಲ್ಲಿ ಹೊಗೇನಕಲ್ ಕಡೆ ಹೊರಡುವವರಲ್ಲಿ ಒಂದು ವಿನಂತಿ. ಹಿಂದಿನ ರಾತ್ರಿಯ ವಾರ್ತೆಯಲ್ಲಿ ಕೆಆರ್‌ಎಸ್ ಮತ್ತು ಕಬಿನಿಯ ಹೊರಹರಿವು ಎಷ್ಟು ಕ್ಯೂಸೆಕ್ ಎಂದು ಕೇಳಿಸಿಕೊಳ್ಳಿ. ಗೇಟು ತೆರೆದಿದ್ದಾರೆ ಎಂದರೆ ಧರ್ಮಪುರಿಯ ರೈಲು ನೆಚ್ಚಬೇಡಿ, ಮೆಟ್ಟೂರಿನ ರಸ್ತೆಯಲ್ಲೇ ಹೋಗಿ.