ಮಾಂಜ್ರಾ ನೀರಿನ ಪಾಲುಪಟ್ಟಿ



ಬಸವಕಲ್ಯಾಣ ತಾಲ್ಲೂಕಿನ ಎತ್ತರದ ನೆಲದಲ್ಲಿ ಬಿದ್ದ ಮಳೆಗೆ ಎರಡು ದಾರಿ. ಮುಸ್ತಾಪುರದ ಕಡೆ ಇಳಿದರೆ ಅದು ಚುಳಕಿನಾಲಾದ ನೀರು. ಮುಂದೆ ಮಾಂಜ್ರಾ, ಆಮೇಲೆ ಗೋದಾವರಿ. ದಕ್ಷಿಣಕ್ಕೆ ಜಾರಿದರೆ ಮುಲ್ಲಾಮಾರಿ ಸೇರಿ, ಕಾಗಿಣಾ, ಭೀಮಾ ದಾಟಿ ಕೃಷ್ಣೆಯ ಪಾಲಾಗುತ್ತದೆ. ಹೊಲದ ಒಡೆಯ ಒಬ್ಬನೇ ಆದರೂ ಅವನ ಮಳೆ ನೀರಿಗೆ ಎರಡು ತೀರ್ಪು, ಎರಡು ಲೆಕ್ಕ.

ಮುಲ್ಲಾಮಾರಿಯ ಮಟ್ಟಿಗೆ ಬಸವಕಲ್ಯಾಣದವರು ಮೇಲಿನವರು, ಕಲಬುರಗಿ ಜಿಲ್ಲೆಯ ಚಿಂಚೋಳಿಯವರು ಕೆಳಗಿನವರು. ಜೋರು ಮಳೆಗೆ ಖೇರ್ಡಾ ಬಳಿಯ ಮೇಲ್ದಂಡೆ ಜಲಾಶಯ ತುಂಬಿ ಗೇಟು ಎತ್ತಿದರೆ ನಾಗರಾಳದ ಕೆಳದಂಡೆ ಜಲಾಶಯದವರು ಎಚ್ಚರವಾಗಬೇಕು. ಅದರ ಕೆಳಗಿನ ಊರುಗಳಲ್ಲಿ ಹೊಳೆ ಕಡೆ ದನ ಬಿಡಬ್ಯಾಡ್ರಿ, ಪಂಪ್‌ಸೆಟ್ ಎತ್ತಿಡ್ರಿ ಎಂದು ಡಂಗುರ ಸಾರಬೇಕು. ಎರಡು ದಿನದ ನೆರೆಯಲ್ಲಿ ಹರಿದುಹೋದ ನೀರಿಗೆ ಬೇಸಿಗೆಯಲ್ಲಿ ಜಗಳ. ಆದರೂ ಇದು ಒಂದೇ ರಾಜ್ಯದ ಮಾತು, ಬೆಂಗಳೂರಿನಲ್ಲಿ ಮುಗಿಯುತ್ತದೆ.

ಮಾಂಜ್ರಾದ ಕಥೆ ಹಾಗಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ಲಾತೂರು ಹಾಯ್ದು ಬೀದರಿಗೆ ಬಂದು, ತೆಲಂಗಾಣಕ್ಕೆ ಹೋಗುತ್ತದೆ. 1956ರ ನವೆಂಬರ್ 1ಕ್ಕೆ ಮುಂಚೆ ಇದರ ನಡುಭಾಗದ ಊರುಗಳೆಲ್ಲ ನಿಜಾಮರ ಕಾಲದಿಂದ ಬಂದ ಒಂದೇ ಬೀದರ್ ಜಿಲ್ಲೆ. ಅವತ್ತು ನಿಲಂಗಾ, ಉದಗೀರ, ಅಹ್ಮದಪುರ ಮುಂಬೈ ರಾಜ್ಯಕ್ಕೆ ಹೋದವು, ನಾರಾಯಣಖೇಡ ಆಂಧ್ರಕ್ಕೆ ಹೋಯಿತು. ಹುಮನಾಬಾದ್, ಭಾಲ್ಕಿ, ಬೀದರ್ ನಮ್ಮ ಕಡೆ ಉಳಿದವು. ಒಂದೇ ಕಚೇರಿಯ ಕಡತದಲ್ಲಿದ್ದ ನದಿ ಮೂರು ಸರ್ಕಾರಗಳ ವ್ಯಾಜ್ಯವಾಯಿತು.

1969ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಬಚಾವತ್ ಅವರ ಅಧ್ಯಕ್ಷತೆಯಲ್ಲಿ ಕೃಷ್ಣೆಗೊಂದು, ಗೋದಾವರಿಗೊಂದು ನ್ಯಾಯಮಂಡಳಿ ರಚಿಸಿತು. ಕೃಷ್ಣೆಯಲ್ಲಿ ನಡೆದದ್ದು ಅಂಕಿಗಳ ಹೋರಾಟ: ನೂರು ವರ್ಷದಲ್ಲಿ ಎಪ್ಪತ್ತೈದು ವರ್ಷ ನಂಬಬಹುದಾದ ನೀರು 2060 ಟಿಎಂಸಿ; ಅದರಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಗೋದಾವರಿಯಲ್ಲಿ ರಾಜ್ಯಗಳು ತಾವೇ ಕೂತು ಒಪ್ಪಂದ ಮಾಡಿಕೊಂಡವು, 1980ರ ಅಂತಿಮ ತೀರ್ಪು ಅವಕ್ಕೆ ಮುದ್ರೆ ಒತ್ತಿತು. 1975ರ ಮಾತುಕತೆಗಳಲ್ಲಿ ನಮ್ಮ ಕಾರಂಜಾ, ಚುಳಕಿನಾಲಾ ಯೋಜನೆಗಳಿಗೂ ಹೈದರಾಬಾದಿನ ಕುಡಿಯುವ ನೀರಿಗಾಗಿ ಕೆಳಗಿನ ಸಿಂಗೂರು ಅಣೆಕಟ್ಟಿಗೂ ದಾರಿ ಸುಗಮವಾಯಿತು. ಗೋದಾವರಿ ಕೊಳ್ಳದಲ್ಲಿ ಕರ್ನಾಟಕದ ಪಾಲು 22.37 ಟಿಎಂಸಿ.

ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಹತ್ತಿರಹತ್ತಿರ 2,831 ಕೋಟಿ ಲೀಟರ್. ಒಂದು ಲಕ್ಷ ಜನರ ಊರಿಗೆ ತಲೆಗೆ ದಿನಕ್ಕೆ 135 ಲೀಟರಿನಂತೆ ಕೊಟ್ಟರೂ ಐದೂವರೆ ವರ್ಷ ದಾಟುತ್ತದೆ. ಅದೇ ನೀರನ್ನು ಕಬ್ಬಿಗೆ ಬಿಟ್ಟರೆ ಒಂದು ಹಂಗಾಮಿಗೇ ಬರಿದು. ಹಳ್ಳಿಖೇಡ (ಬಿ)ಯ ಸಕ್ಕರೆ ಕಾರ್ಖಾನೆಯ ಸುತ್ತ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಅಭಿವೃದ್ಧಿಯ ತೊಡಕು ಇಲ್ಲೇ ಇದೆ. ನದಿ ವ್ಯಾಜ್ಯಗಳಲ್ಲಿ ಮೊದಲು ಬಳಸಿದವನ ಕೈ ಮೇಲು. ಕೃಷ್ಣೆಯ ತೀರ್ಪು 1960ರ ಸೆಪ್ಟೆಂಬರ್ ಹೊತ್ತಿಗೆ ಕೈಗೊಂಡಿದ್ದ ಯೋಜನೆಗಳಿಗೆ ರಕ್ಷಣೆ ಕೊಟ್ಟಿತು. ಕನಸಿನಲ್ಲಿದ್ದ ಯೋಜನೆಗಳು ಸಾಲಿನ ಹಿಂದೆ ನಿಂತವು. ಮಾಂಜ್ರಾದ ಮೇಲೆ ನಿಜಾಮಸಾಗರ 1931ರಲ್ಲೇ ಎದ್ದಿತ್ತು. ಬಡ ಮೇಲ್ಭಾಗ ಕಟ್ಟೆ ಕಟ್ಟಲು ತಡಮಾಡಿದಷ್ಟೂ ಕೆಳಗಿನ ನಗರ ಆ ನೀರಿಗೆ ಒಗ್ಗಿಕೊಳ್ಳುತ್ತದೆ, ಆಮೇಲೆ ಕಿತ್ತುಕೊಳ್ಳಲು ಯಾವ ನ್ಯಾಯಾಧೀಶರಿಗೂ ಮನಸ್ಸು ಬರುವುದಿಲ್ಲ. ಅಮೆರಿಕದ ಕೊಲರಾಡೊ ಕೊಳ್ಳದ ಗುಡ್ಡಗಾಡು ರಾಜ್ಯಗಳಿಗೆ ಕ್ಯಾಲಿಫೋರ್ನಿಯಾದ ಬಗ್ಗೆ ಇದೇ ದಿಗಿಲಿತ್ತು. 1922ರಲ್ಲಿ ಅವರು ಮೇಲ್ಕೊಳ್ಳ, ಕೆಳಕೊಳ್ಳಗಳಿಗೆ ವರ್ಷಕ್ಕೆ ತಲಾ 75 ಲಕ್ಷ ಎಕರೆ-ಅಡಿ ಎಂದು ಮೊದಲೇ ಬರೆದಿಟ್ಟರು. ಉಪಾಯ ಚೆನ್ನಾಗಿತ್ತು. ಆದರೆ ನದಿಯನ್ನು ಅಳೆದ ವರ್ಷಗಳು ಭಾರಿ ಮಳೆಯವು, ಹೀಗಾಗಿ ನದಿಯಲ್ಲಿ ಇಲ್ಲದ ನೀರೂ ಹಂಚಿಕೆಯಾಗಿಹೋಯಿತು.

ನಮ್ಮವರ ಜಾಣತನವೂ ಸಣ್ಣದಲ್ಲ. 1978ರ ಆಗಸ್ಟ್‌ನ ಒಪ್ಪಂದದ ಪ್ರಕಾರ ಪೋಲವರಂನಿಂದ ಗೋದಾವರಿಯ 80 ಟಿಎಂಸಿ ನೀರು ಕೃಷ್ಣೆಗೆ ತಿರುಗಬೇಕು. ಅದರಲ್ಲಿ 21 ಟಿಎಂಸಿ ಕರ್ನಾಟಕದ್ದು, 14 ಮಹಾರಾಷ್ಟ್ರದ್ದು. ಆ ನೀರೇನೂ ಏರು ಹತ್ತಿ ಇಲ್ಲಿಗೆ ಬರುವುದಿಲ್ಲ. ಕೆಳಗೆ ಸಿಕ್ಕಷ್ಟನ್ನು ನಾವು ಕೃಷ್ಣೆಯ ಮೇಲ್ಭಾಗದಲ್ಲೇ ತಡೆದು ಬಳಸಬಹುದು.

ಇಷ್ಟೆಲ್ಲ ಇದ್ದೂ ನನಗೆ ಸಮಾಧಾನವಿಲ್ಲದ ಒಂದು ಸಂಗತಿಯಿದೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಕಾರಂಜಾ ಜಲಾಶಯ ಹಿಡಿಯುವುದು 7.69 ಟಿಎಂಸಿ, ಕೆಳಗಿನ ಸಿಂಗೂರು 29.9. ಪಾಲು ಕಾಗದದಲ್ಲಿ ಎಷ್ಟಿದ್ದರೇನು, ನಿಲ್ಲಿಸಿಕೊಳ್ಳಲು ಕಟ್ಟೆಯೂ ಹರಿಸಲು ಕಾಲುವೆಯೂ ಬೇಕು. ಕಾಲುವೆಯಿದ್ದರೂ ತಲೆಭಾಗದವರು ಕಬ್ಬು ಹಚ್ಚಿದರೆ ಕೊನೆಭಾಗದ ತೊಗರಿ ಹೊಲಕ್ಕೆ ತೇವವೂ ತಾಗುವುದಿಲ್ಲ. ರಾಜ್ಯ ರಾಜ್ಯಗಳ ನಡುವೆ ನಾವು ಹೂಡುವ ವಾದವನ್ನು ನಮ್ಮದೇ ಕಾಲುವೆಯ ಕೊನೆಭಾಗದ ರೈತ ನಮ್ಮ ಮೇಲೆ ಹೂಡಬಹುದು.

ಬರಗಾಲದ ಪಾಲು ಯಾರಿಗೆ ಎಂಬುದು ಇನ್ನೂ ಕಷ್ಟದ ಪ್ರಶ್ನೆ. 2016ರ ಬೇಸಿಗೆಯಲ್ಲಿ ಮಾಂಜ್ರಾದ ಧನೇಗಾಂವ್ ಅಣೆಕಟ್ಟು ಒಣಗಿ, ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತಂದರು. ಮೇಲಿನವರ ಅಣೆಕಟ್ಟೇ ಒಣಗಿದ ವರ್ಷ ಕೆಳಗಿನವರು ಪಾಲು ಕೇಳುವುದಾದರೂ ಯಾರನ್ನು? ಧನೇಗಾಂವ್, ಕಾರಂಜಾ, ಸಿಂಗೂರು ಮೂರರ ನೀರಿನ ಮಟ್ಟವನ್ನು ಮೂರು ರಾಜ್ಯಗಳ ಎಂಜಿನಿಯರುಗಳು ಜೂನ್‌ನಿಂದಲೇ ಒಟ್ಟಿಗೆ ನೋಡಿ, ಎಷ್ಟಕ್ಕಿಳಿದರೆ ಕಬ್ಬಿಗೆ ನೀರು ಬಂದ್ ಎಂದು ಹಂಗಾಮಿಗೆ ಮೊದಲೇ ಸಾರಿದರೆ, ಹುಮನಾಬಾದಿನ ರೈತನಿಗೆ ಈ ಸಲ ಕಬ್ಬು ನಾಟಬೇಕೋ ತೊಗರಿ ಬಿತ್ತಬೇಕೋ ಎಂದು ಸಮಯಕ್ಕೆ ತಿಳಿಯುತ್ತದೆ.