ವೃತ್ತದ ಸಮೀಕರಣ



ಗಣಿತದ ಉಪಾಧ್ಯಾಯನಿಗೆ ಕರಿಹಲಗೆಯಿಲ್ಲದಿದ್ದರೆ ಕೈಯನ್ನು ಕಟ್ಟಿಹಾಕಿದಂತೆ. ಇಲ್ಲಿ ನನ್ನ ಮುಂದೆ ಹಲಗೆಯೂ ಇಲ್ಲ, ನೀವೂ ಇಲ್ಲ. ಹೀಗಿರುವಾಗ ಒಂದು ವೃತ್ತವನ್ನು ಕೇವಲ ಮಾತಿನಿಂದ ನಿಮಗೆ ಒಪ್ಪಿಸುವುದು ಸಾಧ್ಯವೆ? ಸಾಧ್ಯವೆಂದು ತೋರಿಸುವುದೇ ಈ ಭಾಷಣದ ಉದ್ದೇಶ.

ಸುಗ್ಗಿಯ ಕಣವನ್ನು ನೆನೆಯಿರಿ. ನಡುವೆ ಮೇಟಿ, ಬಿಗಿದ ಹಗ್ಗದ ಕೊನೆಯಲ್ಲಿ ಸುತ್ತುವ ಎತ್ತು. ಎತ್ತು ಎಲ್ಲಿದ್ದರೂ ಮೇಟಿಯಿಂದ ಅದರ ದೂರ ಒಂದೇ. ವೃತ್ತದ ಲಕ್ಷಣವೂ ಇಷ್ಟೇ. ಮೇಟಿಯನ್ನು ಮೂಲಬಿಂದುವೆನ್ನೋಣ, ಹಗ್ಗವನ್ನು ತ್ರಿಜ್ಯವೆನ್ನೋಣ.

ಮೇಟಿಯಿಂದ ಪೂರ್ವಕ್ಕೆ 3 ಮಾರು, ಅಲ್ಲಿಂದ ಉತ್ತರಕ್ಕೆ ತಿರುಗಿ 4 ಮಾರು ನಡೆಯಿರಿ. ಮೊದಲನೆಯದು ಭುಜ, ಎರಡನೆಯದು ಕೋಟಿ. ನಿಂತಲ್ಲಿಂದ ಮೇಟಿಗೆ ನೇರವಾಗಿ ಹಗ್ಗವನ್ನೆಳೆದರೆ ಅದೇ ಲಂಬಕೋನ ತ್ರಿಭುಜದ ಕರ್ಣ. ಭುಜದ ವರ್ಗಕ್ಕೆ ಕೋಟಿಯ ವರ್ಗವನ್ನು ಕೂಡಿಸಿದರೆ ಕರ್ಣದ ವರ್ಗವೆಂಬ ತತ್ತ್ವ ಬೌಧಾಯನನ ಶುಲ್ಬಸೂತ್ರದಲ್ಲಿಯೇ ಇದೆ. 9ಕ್ಕೆ 16 ಸೇರಿ 25. ಆದುದರಿಂದ ಹಗ್ಗ 5 ಮಾರು. ಪಶ್ಚಿಮದ ಮತ್ತು ದಕ್ಷಿಣದ ದೂರಗಳನ್ನು ಋಣವೆಂದು ಎಣಿಸಬೇಕು. ಆದರೆ ಋಣದ ವರ್ಗವೂ ಧನವೇ ಆದುದರಿಂದ ನಾಲ್ಕು ದಿಕ್ಕಿಗೂ ನಿಯಮವೊಂದೇ:

ಭುಜವರ್ಗ + ಕೋಟಿವರ್ಗ = ತ್ರಿಜ್ಯವರ್ಗ.

ಶಾಲೆಯ ಹುಡುಗರು ಎಕ್ಸ್ ವರ್ಗ, ವೈ ವರ್ಗ, ಆರ್ ವರ್ಗ ಎಂದು ಬಾಯಿಪಾಠ ಮಾಡುವುದು ಇದನ್ನೇ. ರೇಖೆಯನ್ನು ಹೀಗೆ ಸಮೀಕರಣವಾಗಿಸುವ ಮಾರ್ಗವನ್ನು ಫ್ರಾನ್ಸಿನ ದೆಕಾರ್ತ್ ಎಂಬ ಪಂಡಿತನು 1637ರಲ್ಲಿ ಪ್ರಕಟಪಡಿಸಿದನು. ಅದೇ ದೇಶದ ಫೆರ್ಮಾ ಸಹ ಅದೇ ಕಾಲದಲ್ಲಿ ಸ್ವತಂತ್ರವಾಗಿ ಈ ಮಾರ್ಗವನ್ನು ಕಂಡುಕೊಂಡಿದ್ದನು.

ಇನ್ನು ಒಂದು ಪ್ರಶ್ನೆ. ಪೂರ್ವಕ್ಕೆ 2, ಉತ್ತರಕ್ಕೆ 3 ಇರುವ ಬಿಂದುವಿನ ಮೂಲಕ ಹಾಯುವ ವೃತ್ತದ ಸಮೀಕರಣವೇನು? 4ಕ್ಕೆ 9 ಸೇರಿ 13. ಬಲಗಡೆ 13 ಎಂದು ಬರೆದರೆ ಕೆಲಸ ಮುಗಿಯಿತು. ಅನೇಕರು ಇಲ್ಲಿ ವರ್ಗಮೂಲಕ್ಕಾಗಿ ಹೆಣಗುತ್ತಾರೆ. ಕೆಲವರು 13ನ್ನೇ ತ್ರಿಜ್ಯವೆಂದು ಭ್ರಮಿಸುತ್ತಾರೆ. ಬಲಗಡೆ ನಿಲ್ಲತಕ್ಕದ್ದು ತ್ರಿಜ್ಯವಲ್ಲ, ಅದರ ವರ್ಗ. ಅದು ತಾನಾಗಿಯೇ ದೊರೆತಿರುವಾಗ ಮೂಲವನ್ನು ಹುಡುಕುವ ಶ್ರಮವೇಕೆ?

ಈ ಸಮೀಕರಣ ಕಾವಲುಗಾರನಂತೆ. ಯಾವ ಬಿಂದು ಬಂದರೂ ಪರೀಕ್ಷಿಸುತ್ತದೆ: ಮೊತ್ತ 13ಕ್ಕೆ ಸಮವಾದರೆ ಪರಿಧಿಯ ಮೇಲೆ, ಕಡಮೆಯಾದರೆ ಒಳಗೆ, ಹೆಚ್ಚಾದರೆ ಹೊರಗೆ. ಚಿತ್ರವನ್ನು ನೋಡಬೇಕಾದ ಅಗತ್ಯವೇ ಇಲ್ಲ.

ಮನೆಯ ಮಕ್ಕಳ ಕೈಗೆ ಸ್ಲೇಟನ್ನು ಕೊಡಿ. ಮೊತ್ತ 25 ಆಗುವ ಪೂರ್ಣಾಂಕಗಳ ಬಿಂದುಗಳನ್ನೆಲ್ಲ ಗುರುತಿಸಲಿ, ಹನ್ನೆರಡು ದೊರೆಯುತ್ತವೆ. ಅವುಗಳನ್ನು ಸೇರಿಸಿ ದುಂಡಾಗಿ ಎಳೆದರೆ, ನಾನು ಇಲ್ಲಿಂದ ಆಡಿದ ಮಾತು ನಿಮ್ಮ ಮನೆಯಲ್ಲಿ ವೃತ್ತವಾಗಿ ಕಾಣುವುದು.